ಕೇಳದೆ ಕೊಟ್ಟ ರಿಯಾಯಿತಿ

ಮೆಸೇಜುಗಳು ಬಂದದ್ದು ಊಟದ ಹೊತ್ತಿಗೆ. ಲಾಕ್‌ಡೌನ್ ಶುರುವಾಗಿ ಕೆಲವು ವಾರಗಳಾಗಿದ್ದವು. ವಿಜಯಪುರದ ನಮ್ಮ ಶಾಖೆಗೆ ಬೀಗ ಬಿದ್ದಿತ್ತು. ನಾನು ತಿಕೋಟಾದ ಮನೆಯಲ್ಲಿ ತಟ್ಟೆಯ ಮುಂದೆ ಕೂತಿದ್ದೆ. ಫೋನು ಒಂದು ಸಲ ಕಿಣಿ ಎಂದಿತು, ಇನ್ನೊಂದು ಸಲ ಎಂದಿತು, ಆಮೇಲೆ ನಿಲ್ಲಲೇ ಇಲ್ಲ. ಹೆಂಡತಿ ಕೈಯಲ್ಲಿದ್ದ ರೊಟ್ಟಿ ಹಾಗೇ ಹಿಡಿದು, "ಯಾರಿಗರ ಏನರ ಆಗೇತೇನ್ರಿ, ಮೊದಲ ನೋಡ್ರಿ" ಎಂದಳು. ಆ ದಿನಗಳಲ್ಲಿ ಎಲ್ಲರಿಗೂ ಮೊದಲು ಅದೇ ಹೊಳೆಯುತ್ತಿತ್ತು.

ಯಾರಿಗೂ ಏನೂ ಆಗಿರಲಿಲ್ಲ. ಎಲ್ಲವೂ ನಮ್ಮ ಕಂಪನಿಯ ಮೆಸೇಜುಗಳೇ. ಇಂಗ್ಲಿಷಿನ ಒಂದೇ ಒಕ್ಕಣೆ, ಸಾಲದ ಖಾತೆಯ ಸಂಖ್ಯೆ ಮಾತ್ರ ಬೇರೆ ಬೇರೆ. ಕನ್ನಡದಲ್ಲಿ ಹೇಳುವುದಾದರೆ ಅದರ ಅರ್ಥ ಇಷ್ಟು: ನಿಮ್ಮ ಸಾಲದ ಕಂತುಗಳನ್ನು ಸದ್ಯಕ್ಕೆ ನಿಲ್ಲಿಸುತ್ತಿದ್ದೇವೆ, ಬೇಡವಾದರೆ ಐದು ದಿನದೊಳಗೆ ಉತ್ತರ ಕೊಡಿ, ಉತ್ತರ ಬಾರದಿದ್ದರೆ ನೀವು ಒಪ್ಪಿದ್ದೀರಿ ಎಂದು ತಿಳಿಯುತ್ತೇವೆ. ಇಂಥವು ಮೂವತ್ತೆಂಟು ಬಂದಿದ್ದವು.

ಗ್ರಾಹಕರಿಗೆ ಹೋಗಬೇಕಾದವು ನನಗೆ ಯಾಕೆ ಬಂದವು ಎನ್ನುವುದೇ ಈ ಕಥೆಯ ಬೇರು. ನಾನು ಮನೆ ಸಾಲ ಕೊಡುವ ಒಂದು ಖಾಸಗಿ ಕಂಪನಿಯಲ್ಲಿ ಸಾಲದ ಅಧಿಕಾರಿ. ತಿಕೋಟಾ, ಬಬಲೇಶ್ವರದ ಕಡೆಯ ಹಳ್ಳಿಗಳು ನನ್ನ ಪಾಲಿನವು. ಅರ್ಜಿಯಲ್ಲಿ ಮೊಬೈಲ್ ನಂಬರಿನ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗುತ್ತಿರಲಿಲ್ಲ. ನಮ್ಮ ಮಂದಿಯಲ್ಲಿ ಒಬ್ಬರ ಹತ್ತಿರ ಫೋನೇ ಇಲ್ಲ, ಇನ್ನೊಬ್ಬರದು ಮಗ ಇಟ್ಟುಕೊಂಡಿದ್ದಾನೆ, ಮತ್ತೊಬ್ಬರು ಮೂರು ತಿಂಗಳಿಗೊಮ್ಮೆ ಸಿಮ್ ಬದಲಿಸುತ್ತಾರೆ. "ನಿಮ್ದ ಹಾಕ್ರಿ ಸರ. ಏನರ ಬಂದ್ರ ನೀವ ಹೇಳ್ತೀರಲ್ಲ" ಎನ್ನುತ್ತಿದ್ದರು. ಹಾಕುತ್ತಿದ್ದೆ. ನಿಯಮಕ್ಕೆ ವಿರುದ್ಧ ಎಂದು ನನಗೂ ಗೊತ್ತಿತ್ತು, ಮ್ಯಾನೇಜರಿಗೂ ಗೊತ್ತಿತ್ತು. ಮೆಸೇಜು ಬಂದಾಗ ಫೋನು ಮಾಡಿ ಓದಿ ಹೇಳುತ್ತಿದ್ದೆ, ಕಂತಿನ ಎರಡು ದಿನ ಮೊದಲು ನೆನಪು ಮಾಡುತ್ತಿದ್ದೆ. ಮೂವತ್ತೆಂಟು ಮನೆಯವರು ನನ್ನನ್ನು ಇಷ್ಟು ನಂಬುತ್ತಾರಲ್ಲ ಎಂಬ ಸೊಕ್ಕೂ ಇತ್ತು.

ಆ ಮೂವತ್ತೆಂಟರಲ್ಲಿ ಒಬ್ಬರು ಸಿಸ್ಟರ್. ಬಬಲೇಶ್ವರದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಸಮೀಪ, ನಮ್ಮ ಸಾಲದಿಂದ ಎರಡು ಕೋಣೆಯ ಮನೆ ಕಟ್ಟಿಸಿಕೊಂಡು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಅವರ ಹತ್ತಿರ ಫೋನಿತ್ತು. "ಹೆರಿಗಿ ಕ್ವಾಣ್ಯಾಗ ನಿಮ್ಮ ಕಂಪನಿ ಮೆಸೇಜ್ ಕಿಣಿಕಿಣಿ ಅನ್ನೂದು ಬ್ಯಾಡಪಾ, ನಿಂದ ಹಾಕು" ಎಂದು ಅವರೇ ಹೇಳಿದ್ದರು. ಒಂಟಿ ಹೆಂಗಸಿಗೆ ಸಾಲ ಕೊಡಲು ನಮ್ಮ ಕಂಪನಿಗೆ ಗಂಡಸಿನ ಸಹಿಯೂ ಬೇಕಿತ್ತು. ಕಾಖಂಡಕಿಯಲ್ಲಿ ಒಕ್ಕಲುತನ ಮಾಡಿಕೊಂಡು ಎಮ್ಮೆ ಸಾಕಿದ್ದ ಅವರ ತಮ್ಮ ಬಂದು ಜೊತೆ ಸಾಲಗಾರನಾಗಿ ಸಹಿ ಹಾಕಿದ್ದ. ಹಾಗಾಗಿ ಸಾಲದ ಚರಿತ್ರೆ ಇಬ್ಬರ ಹೆಸರಿಗೂ ಅಂಟಿಕೊಂಡಿತ್ತು.

ಆ ಮಧ್ಯಾಹ್ನವೇ ಮ್ಯಾನೇಜರ್ ಫೋನು ಮಾಡಿದರು.

"ಎಲ್ಲಾ ಬಂದಾವೇನು?"

"ಬಂದಾವ್ರಿ."

"ಸುಮ್ನ ಇರು. ಒಂದಕ್ಕೂ ಉತ್ತರ ಕೊಡಬ್ಯಾಡ."

"ಸರ, ಇದರಾಗ ಪಗಾರ ಬರೋರು ಅದಾರ. ಮಾಸ್ತರ್ರು ಅದಾರ, ಸಿಸ್ಟರ್ ಅದಾರ. ಅವರಿಗ್ಯಾಕ್ರಿ ಇದು?"

"ಬರೇ ಬಾಕಿದಾರರದಷ್ಟ ನಿಲ್ಲಿಸಿದ್ರ ಮ್ಯಾಲಿನವರ ಕಣ್ಣಿಗೆ ಬೀಳ್ತೈತಿ. ಎಲ್ಲಾರ್ದೂ ನಿಲ್ಲಿಸಿದ್ರ ಯಾರ್ದೂ ಬೀಳೂದಿಲ್ಲ. ತಿಳೀತಿಲ್ಲೋ? ನಿನ್ನ ಪಗಾರಾನೂ ಇದರಾಗ ಐತಿ ಮತ್ತ."

ತಿಳಿಯಿತು. ನಮ್ಮ ಶಾಖೆಯಲ್ಲಿ ಲಾಕ್‌ಡೌನಿಗೆ ಮೊದಲೇ ಕೆಟ್ಟು ಕೂತ ಖಾತೆಗಳಿದ್ದವು. ಅವನ್ನು ಮುಚ್ಚಿಡಲು ಸರಿಯಾಗಿ ಕಟ್ಟುವವರ ಖಾತೆಗಳನ್ನೂ ಅದೇ ಚಾದರದ ಅಡಿಗೆ ಎಳೆಯುತ್ತಿದ್ದರು. ಫೋನನ್ನು ಸೈಲೆಂಟಿಗೆ ಹಾಕಿ ಉಳಿದ ಊಟ ಮುಗಿಸಿದೆ.

ಮೂರನೆಯ ದಿನ ಸಿಸ್ಟರ್ ಆಸ್ಪತ್ರೆಯಿಂದಲೇ ಫೋನು ಮಾಡಿದರು. ಹಿಂದೆ ಯಾರೋ ಕೆಮ್ಮುತ್ತಿದ್ದರು.

"ಏನಪಾ ಸಾಹೇಬ, ತಾರೀಖು ದಾಟಿ ಹೋತು, ಕಂತ ಹಿಡದಿಲ್ಲಲ್ಲ? ರೊಕ್ಕ ಖಾತೇದಾಗ ಹಂಗ ಕುಂತೈತಿ."

"ಏನೂ ಆಗೂದಿಲ್ರಿ ಸಿಸ್ಟರ್. ರಿಯಾಯಿತಿ ಕೊಟ್ಟಾರ, ಆರಾಮ ಇರ್ರಿ."

"ನನಗ್ಯಾತರ ರಿಯಾಯಿತಿ? ಪಗಾರ ಪೂರಾ ಬಂದೈತಿ. ಮನ್ಯಾಗ ಕುಂತೋರಿಗೆ ಕೊಡ್ರಿ ಬೇಕಾರ, ನಾ ಇಲ್ಲಿ ಒಂದ್ ದಿನಾನೂ ಕುಂತಿಲ್ಲ."

"ಎಲ್ಲಾರಿಗೂ ಐತ್ರಿ."

ಇನ್ನೂ ಎರಡು ದಿನ ಉಳಿದಿದ್ದವು. ಅವರ ಪರವಾಗಿ ಬೇಡ ಎಂದು ಒಂದು ಪದ ಒತ್ತಿದ್ದರೆ ಮುಗಿಯುತ್ತಿತ್ತು. ಒತ್ತಲಿಲ್ಲ. ಹೆದರಿದ್ದೆ ಎನ್ನುವುದು ನಿಜ. ಆದರೆ ಅದಕ್ಕಿಂತ ನಿಜವಾದದ್ದು, ಅದು ನನಗೆ ಅಂಥ ದೊಡ್ಡ ಸಂಗತಿ ಅನಿಸಲೇ ಇಲ್ಲ.

ಆರು ತಿಂಗಳು ಕಂತು ನಿಂತವು. ಬಡ್ಡಿ ನಿಲ್ಲಲಿಲ್ಲ. ಪ್ರತಿ ತಿಂಗಳ ಬಡ್ಡಿ ಅಸಲಿಗೆ ಸೇರಿತು, ಆ ಹೊಸ ಅಸಲಿನ ಮೇಲೆ ಮತ್ತೆ ಬಡ್ಡಿ ಏರಿತು. ಕಂತಿನ ಮೊತ್ತ ಬದಲಾಗದಂತೆ ಕಂಪ್ಯೂಟರು ಸಾಲದ ಅವಧಿಯನ್ನೇ ಹಿಗ್ಗಿಸಿತು. ಸಿಸ್ಟರ್ ಸಾಲ ಮುಗಿಯುವ ದಿನ ಹನ್ನೊಂದು ತಿಂಗಳು ಮುಂದಕ್ಕೆ ಹೋಯಿತು. ಆರು ಕಂತು ನಿಂತವು, ಐದು ಕಂತು ದಂಡ ಬಿತ್ತು. ಶಾಖೆ ತೆರೆದಾಗ ಅವರು ಆ ಆರೂ ಕಂತಿನ ಹಣ ಮುಟ್ಟದೆ ತಂದಿದ್ದರು. ಕೌಂಟರಿನಲ್ಲಿ ಬಾಕಿ ಸೊನ್ನೆ ತೋರಿಸುತ್ತಿತ್ತು, ಹಣ ತೆಗೆದುಕೊಳ್ಳಲಿಲ್ಲ. "ಕಡೀಕ ಹೊಂದಿಸ್ತಾರ್ರಿ" ಎಂದು ನಾನೇ ವಾಪಸ್ಸು ಕಳಿಸಿದೆ. ಅವರು ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮುಖ್ಯ ಕಚೇರಿ ಸಾಲಗಾರರ ಚರಿತ್ರೆ ಇಡುವ ಸಂಸ್ಥೆಗೆ ತಿಂಗಳು ತಿಂಗಳು ಒಂದು ಪಟ್ಟಿ ಕಳಿಸುತ್ತದೆ. ನಮ್ಮ ಶಾಖೆಯ ಎಲ್ಲ ಖಾತೆಗಳ ಮುಂದೆ ಯಾರೋ ಸಾರಾಸಗಟಾಗಿ 'ಮರುಹೊಂದಾಣಿಕೆ: ಹೌದು' ಎಂದು ತುಂಬಿದ್ದರು. ಸಾಲ ಕಟ್ಟಲಾರದೆ ಷರತ್ತು ಸಡಿಲಿಸಿಕೊಂಡವರು ಎಂದು ಅದರ ಅರ್ಥ. ಆ ಗುರುತು ಹಾಕಬಾರದಿತ್ತು, ಹಾಕಿದರು.

ಇದೆಲ್ಲ ಬಯಲಿಗೆ ಬಂದದ್ದು ಕೆಲವು ವರ್ಷಗಳ ಮೇಲೆ. ಒಂದು ದಿನ ಸಿಸ್ಟರ್ ಅವರ ತಮ್ಮ ಕಾಖಂಡಕಿಯಿಂದ ನಮ್ಮ ಶಾಖೆಗೆ ಬಂದ. ನಾಲ್ಕು ಎಮ್ಮೆ ಕೊಳ್ಳಲು ಬೇರೆ ಬ್ಯಾಂಕಿನಲ್ಲಿ ಸಾಲ ಕೇಳಿದ್ದನಂತೆ, ಎಮ್ಮೆಯವನಿಗೆ ಮುಂಗಡವನ್ನೂ ಕೊಟ್ಟಿದ್ದನಂತೆ. ಬ್ಯಾಂಕಿನವರು ಅರ್ಜಿ ತಿರಸ್ಕರಿಸಿ, ನಮ್ಮ ಕಂಪನಿಯ ಹೆಸರು ಬರೆದು ಕೊಟ್ಟಿದ್ದರು. ಕಾಗದವನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟ.

"ನಮ್ಮಕ್ಕ ಕಂತ ತುಂಬಿಲ್ಲೇನ್ರಿ?"

ಗಾಜಿನ ಕೋಣೆಯಿಂದ ಮ್ಯಾನೇಜರ್ ನನ್ನ ಕಡೆ ನೋಡುತ್ತಿದ್ದರು. ಕಂಪನಿ ತಾನಾಗಿಯೇ ನಿಲ್ಲಿಸಿತು ಎಂದರೆ ಮುಂದಿನ ಪ್ರಶ್ನೆ ಬರುತ್ತದೆ, ಆ ಪ್ರಶ್ನೆ ನನ್ನ ಫೋನಿನ ತನಕ ಬರುತ್ತದೆ. ಅದನ್ನು ಲೆಕ್ಕ ಹಾಕಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

"ನಿಮ್ಮ ಅಕ್ಕಾರ ಒಪ್ಪಿ ತಗೊಂಡಾರ್ರಿ. ಆರು ತಿಂಗಳು ನಿಲ್ಲಿಸಿಕೊಂಡಿದ್ರು."

ಅವನು ಕಾಗದ ಎತ್ತಿಕೊಂಡ. "ನನಗೊಂದ್ ಮಾತ ಹೇಳಲಿಲ್ಲಲ್ಲ ಆಕಿ" ಎಂದು ಮಡಚಿ ಜೇಬಿಗಿಟ್ಟುಕೊಂಡು ಹೋದ. ಸಿಟ್ಟು ಮಾಡಿದ್ದರೂ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಾಗರಪಂಚಮಿ ಮುಗಿದ ವಾರ ಸಿಸ್ಟರ್ ಬಂದರು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಹೋಗಬೇಕು. ವಯಸ್ಸು ಐವತ್ತಾಗಲಿ, ಅರವತ್ತಾಗಲಿ, ಆ ಕರೆ ತಪ್ಪಬಾರದು. ಸಿಸ್ಟರ್ ರಜೆ ಹಾಕಿ, ಚೀಲ ತುಂಬಿಟ್ಟುಕೊಂಡು ಎರಡು ದಿನ ಕಾದಿದ್ದರು. ಕೊನೆಗೆ ತಾವೇ ತಮ್ಮನಿಗೆ ಫೋನು ಮಾಡಿದ್ದರು.

"ಕಂತ ಮುಳುಗಿಸಿ ನನ್ನ ಹೆಸರು ಕೆಡಿಸಿದಿ, ಅದೂ ನನಗ ಹೇಳದ ಕಳುವಿಲೆ, ಅಂದ. ನಾ ಕೇಳಿಲ್ಲೋ, ಅವರ ನಿಲ್ಲಿಸ್ಯಾರೋ ಅಂತ ಹತ್ತ ಸಲ ಹೇಳಿದೆ. ಆಫೀಸಿನವರ ಹೇಳ್ಯಾರ ನನಗ, ನೀ ಸುಳ್ಳ ಹೇಳಬ್ಯಾಡ ಅಂದು ಫೋನ್ ಇಟ್ಟ." ಕುರ್ಚಿಯ ಮೇಲೆ ಕೂತವರು ಮೊದಲ ಬಾರಿಗೆ ನನ್ನ ಕಡೆ ನೋಡದೆ ಮಾತಾಡುತ್ತಿದ್ದರು. "ಯಾವ ಆಫೀಸಿನವ ಹೇಳ್ಯಾನೋ ಗೊತ್ತಿಲ್ಲ. ರೊಕ್ಕ ಹೋದ್ರ ಹೋಗ್ಲಿ. ನಾ ಕೇಳಿಲ್ಲ, ನಾ ತಪ್ಪಿಸಿಲ್ಲ ಅಂತ ನಿಮ್ಮ ಕಂಪನಿದೊಂದು ಕಾಗದ ಬೇಕು ನನಗ. ನಮ್ಮ ತಮ್ಮನ ಕೈಯಾಗ ಕೊಡಬೇಕು ಅದನ್ನ. ಹ್ಯಾಂಗ ಕೇಳಬೇಕು, ನೀನ ಬರದು ಕೊಡು."

ಹೀಗೆ ನನ್ನ ಕಂಪನಿಯ ಮೇಲಿನ ದೂರನ್ನು ನಾನೇ ಬರೆಯುವಂತಾಯಿತು. ಸಿದ್ಧೇಶ್ವರ ಗುಡಿಯ ಹತ್ತಿರದ ಗಲ್ಲಿಯಲ್ಲಿ ಒಂದು ಟೈಪಿಂಗ್ ಅಂಗಡಿ ಇದೆ. ಕೆಲಸ ಮುಗಿಸಿ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಕಂಪನಿಯ ದೂರು ವಿಭಾಗಕ್ಕೆ ಹೋದ ಮೊದಲ ಪತ್ರಕ್ಕೆ, ನಿಮ್ಮ ಒಪ್ಪಿಗೆಯಂತೆಯೇ ಕಂತು ನಿಲ್ಲಿಸಲಾಗಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಎರಡನೆಯದರಲ್ಲಿ ಮೂರು ಪ್ರಶ್ನೆ ಬರೆಸಿದೆ. ಒಪ್ಪಿಗೆಯ ಪ್ರತಿ ಎಲ್ಲಿದೆ, ಮೆಸೇಜು ಯಾವ ನಂಬರಿಗೆ ಹೋಗಿದೆ, ಪ್ರತಿ ತಿಂಗಳೂ ಖಾತೆಯಲ್ಲಿ ಹಣವಿದ್ದಾಗ ಇವರನ್ನು ಸಂಕಷ್ಟದಲ್ಲಿದ್ದವರು ಎಂದು ಯಾವ ಆಧಾರದ ಮೇಲೆ ಗುರುತಿಸಿದಿರಿ. ಎರಡನೆಯ ಪ್ರಶ್ನೆ ಬರೆಸುವಾಗ ಹಿಂಜರಿದೆ, ಆ ನಂಬರು ನನ್ನದೇ. ಆದರೆ ಅದನ್ನು ಬಿಟ್ಟರೆ ದೂರಿಗೆ ಹಲ್ಲೇ ಇರುತ್ತಿರಲಿಲ್ಲ. ಸಿಕ್ಕಿಬೀಳುವ ತನಕ ನೋಡೋಣ ಎಂದುಕೊಂಡು ಸೇರಿಸಿದೆ. ಸಾಲ ತೆಗೆದುಕೊಂಡವರಿಗೆ ಇದನ್ನು ಕೇಳುವ ಹಕ್ಕಿದೆ ಎಂದು ಇಷ್ಟು ವರ್ಷ ಒಬ್ಬರಿಗೂ ನಾನು ಹೇಳಿರಲಿಲ್ಲ.

ತಿಂಗಳು ದಾಟಿದರೂ ಉತ್ತರವಿಲ್ಲ. ಚರಿತ್ರೆ ಇಡುವ ಸಂಸ್ಥೆಗೆ ಬರೆದರೆ, ಸಾಲ ಕೊಟ್ಟವರು ಹೇಳದೆ ನಾವು ತಿದ್ದುವುದಿಲ್ಲ ಎಂದರು. ಸಾಲ ಕೊಟ್ಟವರು, ನಾವು ಕಳಿಸಿದ್ದು ಸರಿಯಾಗಿದೆ ಎಂದರು. ಮುಂದಿನ ಮೆಟ್ಟಿಲು ಸಾಲ ಕೊಡುವವರ ಮೇಲಿನ ದೂರು ಕೇಳುವ ಲೋಕಪಾಲರದು. ಅಲ್ಲಿಂದ ದೂರು ಹಾಗೇ ವಾಪಸ್ಸು ಬಂತು: ಜಂಟಿ ಸಾಲವಾದ್ದರಿಂದ ಜೊತೆ ಸಾಲಗಾರನ ಸಹಿಯೂ ಬೇಕು. ಸಿಸ್ಟರ್ ಆ ಕಾಗದವನ್ನು ಬಸ್ಸಿನವರ ಕೈಯಲ್ಲಿ ಕಾಖಂಡಕಿಗೆ ಕಳಿಸಿದರು. ಸಹಿ ಇಲ್ಲದೆ ಅದೇ ಬಸ್ಸಿನಲ್ಲಿ ತಿರುಗಿ ಬಂತು. ತಾನು ತಪ್ಪಿತಸ್ಥೆಯಲ್ಲ ಎಂದು ತಮ್ಮನಿಗೆ ತೋರಿಸುವ ಕಾಗದಕ್ಕೆ ಮೊದಲು ಅದೇ ತಮ್ಮನ ಸಹಿ ಬೇಕಾಗಿತ್ತು.

ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಅವರೊಬ್ಬರೇ ದೂರುದಾರರಾಗಿ ಪ್ರಕರಣ ಹಾಕಿದರು. ಆಯೋಗದ ನೋಟಿಸು ಬಂದಾಗ ಕಂಪನಿ ಬಾಯಿ ಬಿಡಲೇಬೇಕಾಯಿತು. ಅದರ ವಕೀಲರು ಎರಡು ಮಾತು ಹೇಳಿದರು. ನೋಂದಾಯಿತ ನಂಬರಿಗೆ ಮೆಸೇಜು ಹೋಗಿದೆ, ಬೇಡ ಎಂಬ ಉತ್ತರ ಬಂದಿಲ್ಲ. ಎರಡನೆಯದಾಗಿ, ಅಂದೇ ವಿಷಯ ಗೊತ್ತಿದ್ದೂ ಇಷ್ಟು ವರ್ಷ ಬಿಟ್ಟು ಬಂದಿದ್ದಾರೆ, ದೂರಿನ ಅವಧಿ ಮೀರಿದೆ, ವಜಾ ಮಾಡಬೇಕು. ಉತ್ತರದ ಜೊತೆಗೆ ಮೆಸೇಜಿನ ದಾಖಲೆ ಲಗತ್ತಿಸಿದ್ದರು. ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತಿದ್ದವು.

ಸಿಸ್ಟರ್ ನನ್ನನ್ನು ಬಬಲೇಶ್ವರದ ಆಸ್ಪತ್ರೆಗೇ ಬರಹೇಳಿದರು. ಮಧ್ಯಾಹ್ನದ ಮಂದಿ ಕರಗಿತ್ತು. ಇಂಜೆಕ್ಷನ್ ಕೋಣೆಯ ಮೇಜಿನ ಮೇಲೆ ಕಾಗದ ಇಟ್ಟು, ಟ್ರೇ ಒರೆಸುತ್ತ ನಿಂತರು.

"ಈ ನಾಕು ಅಂಕಿ ಯಾರ್ದಪಾ?"

ಗೊತ್ತಿಲ್ರಿ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಗೊತ್ತಿಲ್ಲ ಎಂದರೆ ವಕೀಲರ ಎರಡನೆಯ ಮಾತು ಗೆಲ್ಲುತ್ತದೆ. ಮೆಸೇಜು ಅವರಿಗೆ ತಲುಪಿಯೇ ಇಲ್ಲ ಎಂದು ಯಾರಾದರೂ ಹೇಳಿದರೆ ಮಾತ್ರ ದೂರಿನ ಅವಧಿ ಆ ಗುರುತಿನ ವಿಷಯ ಅವರಿಗೆ ಗೊತ್ತಾದ ದಿನದಿಂದ ಶುರುವಾಗುತ್ತದೆ. ಹಾಗೆ ಹೇಳಬಲ್ಲವನು ಒಬ್ಬನೇ ಇದ್ದ. ಅವರು ಟ್ರೇ ಒರೆಸುತ್ತಲೇ ಇದ್ದರು, ಅವಸರ ಮಾಡಲಿಲ್ಲ.

"ನಂದ್ರಿ."

"ಗೊತ್ತೈತಿ. ಕಾಗದ ಬಂದು ಎಂಟು ದಿನಾತು. ನೀ ಅಂತೀಯೋ ಇಲ್ಲೋ ನೋಡೂಣು ಅಂತಿದ್ದೆ. ನಂಬರ್ ಹಾಕು ಅಂದಾಕಿ ನಾನ, ಅದಕ್ಕ ನಿನಗ ಬೈಯೂದಿಲ್ಲ. ಬಂದಾಗ ಹೇಳಲಿಲ್ಲಲ್ಲ?"

"ಇನ್ನೊಂದೈತ್ರಿ ಸಿಸ್ಟರ್. ನಿಮ್ಮ ತಮ್ಮಗ ನೀವ ಒಪ್ಪಿ ತಗೊಂಡೀರಿ ಅಂತ ಹೇಳಿದಂವ ನಾನ."

ಟ್ರೇ ಕೆಳಗಿಟ್ಟರು. ಸ್ಟೂಲು ಎಳೆದುಕೊಂಡು ಕೂತರು. "ಅದೂ ನೀನ?" ಎಂದರು. ಆಮೇಲೆ, "ಬರದು ಕೊಡು. ಎಲ್ಲಾ ಬರಿ" ಎಂದು ಒಳಗೆ ಹೋದರು.

ಬರೆದೆ. ನನ್ನ ನಂಬರು, ಮೂವತ್ತೆಂಟು ಮೆಸೇಜು, ಮ್ಯಾನೇಜರ್ ಹೇಳಿದ ಮಾತು, ಸಿಸ್ಟರ್ ಫೋನಿನಲ್ಲಿ ಬೇಡ ಎಂದದ್ದು, ತಮ್ಮನಿಗೆ ನಾನು ಹೇಳಿದ ಸುಳ್ಳು. ನೋಟರಿಯ ಮುಂದೆ ಪ್ರಮಾಣ ಮಾಡಿ ಆಯೋಗಕ್ಕೆ ಸಲ್ಲಿಸಿದೆ. ಅದಕ್ಕೆ ಮೊದಲು ಮ್ಯಾನೇಜರ್ ಸಿಸ್ಟರ್ ಹತ್ತಿರ ಹೋಗಿ, ದೂರು ವಾಪಸ್ಸು ತೆಗೆದುಕೊಂಡರೆ ಐದು ಕಂತು ಮನ್ನಾ ಮಾಡಿಸುತ್ತೇನೆ ಎಂದಿದ್ದರು. ಕಾಗದ ಕೊಡ್ತೀರೇನು ಎಂದು ಕೇಳಿದರಂತೆ ಇವರು. ಕಾಗದ ಆಗುವುದಿಲ್ಲ ಎಂದಾಗ ಬಾಗಿಲು ತೋರಿಸಿದರಂತೆ.

ನನ್ನ ಪ್ರಮಾಣಪತ್ರವನ್ನು ಕಂಪನಿ ಬಹಳ ಜಾಣತನದಿಂದ ಬಳಸಿಕೊಂಡಿತು. ಸುಳ್ಳು ನಂಬರು ತುಂಬಿ ಕಂಪನಿಗೂ ಗ್ರಾಹಕರಿಗೂ ಮೋಸ ಮಾಡಿದವನು ಈ ನೌಕರನೊಬ್ಬನೇ ಎಂದು ವಾದಿಸಿ, ಮರುದಿನವೇ ನನ್ನನ್ನು ಕೆಲಸದಿಂದ ತೆಗೆಯಿತು. ಸುಮ್ಮನಿರು ಎಂದು ಹೇಳಿದ್ದಕ್ಕೆ ನನ್ನ ಬಾಯಿಮಾತು ಬಿಟ್ಟರೆ ಸಾಕ್ಷಿ ಇರಲಿಲ್ಲ. ಮ್ಯಾನೇಜರ್ ಬಡ್ತಿ ಪಡೆದು ಬೇರೆ ಊರಿಗೆ ಹೋದರು. ಉತ್ತರ ಬಾರದಿದ್ದರೆ ಒಪ್ಪಿಗೆ ಎಂಬ ಆ ಸಾಲನ್ನು ಯಾರು ಬರೆದರು, ಯಾರು ಸಹಿ ಹಾಕಿದರು ಎಂದು ಯಾರೂ ಕೇಳಲಿಲ್ಲ.

ಆಯೋಗ ಸಿಸ್ಟರ್ ಪರವಾಗಿ ಆದೇಶ ಕೊಟ್ಟಿತು. ಸುಮ್ಮನಿದ್ದದ್ದು ಒಪ್ಪಿಗೆಯಾಗುವುದಿಲ್ಲ, ಅದರಲ್ಲೂ ಕೇಳಿದ್ದೇ ತಲುಪದಿರುವಾಗ. ಆ ಆರು ಕಂತು ತೆಗೆದುಕೊಂಡು ಹೆಚ್ಚಿನ ಬಡ್ಡಿ ಬಿಡಬೇಕು, ಇಬ್ಬರ ಚರಿತ್ರೆಯಿಂದಲೂ ಆ ಗುರುತು ಅಳಿಸಬೇಕು, ಹಾಗೆಂದು ಪತ್ರ ಕೊಡಬೇಕು. ಪತ್ರ ಬರಲು ಮತ್ತೆ ಎರಡು ತಿಂಗಳು ಹಿಡಿಯಿತು. ಉಳಿದ ಮೂವತ್ತೇಳು ಮಂದಿಗೆ ಈ ಆದೇಶದಿಂದ ಏನೂ ಸಿಗಲಿಲ್ಲ. ಒಬ್ಬೊಬ್ಬರಿಗೂ ಫೋನು ಮಾಡಿ, ನೀವೂ ಕೇಳಬಹುದು ಎಂದು ಹೇಳಿದೆ. ಕೆಲವರು ಬೈದರು. ಹೆಚ್ಚಿನವರು, "ಆತ ಬಿಡ್ರಿ ಸರ, ಯಾರ ಓಡಾಡಬೇಕು" ಎಂದರು. ಬೈದವರೇ ಮೇಲು ಎನಿಸಿತು.

ಪತ್ರ ಬಂದ ದಿನ ಸಿಸ್ಟರ್ ಅದರ ಒಂದು ಪ್ರತಿಯನ್ನು ನನಗೆ ಕೊಟ್ಟು, "ಕಾಖಂಡಕಿಗೆ ನೀನ ಒಯ್ದು ಕೊಡು. ಹೇಳಿದಂವ ನೀನ ಅಲ್ಲ?" ಎಂದರು.

ಒಯ್ದೆ. ಕೊಟ್ಟಿಗೆಯ ಮುಂದೆ ಅವರ ತಮ್ಮ ಹಗ್ಗ ಹೊಸೆಯುತ್ತಿದ್ದ. ಪತ್ರವನ್ನು ಎರಡು ಸಲ ಓದಿದ. ಸಾಲಗಾರರು ಕಂತು ಮುಂದೂಡಲು ಕೋರಿರಲಿಲ್ಲ, ಅವರಿಂದ ಯಾವ ಲೋಪವೂ ಆಗಿಲ್ಲ ಎಂಬ ಸಾಲಿನ ಮೇಲೆ ಬೆರಳಿಟ್ಟು, "ಅವತ್ತ ನೀವ ಹೇಳಿದ್ರಿ" ಎಂದ.

"ಹೌದ್ರಿ. ಸುಳ್ಳ ಹೇಳಿದ್ದೆ."

ಹೊಡೆಯುತ್ತಾನೆ ಎಂದುಕೊಂಡೆ. ಅವನು ಒಳಗೆ ಹೋಗಿ ಒಗೆದ ಅಂಗಿ ಹಾಕಿಕೊಂಡು ಬಂದ. "ನಡೀರಿ, ಅಕ್ಕನ ಮನೀಗೆ ಬಿಡ್ರಿ ನನ್ನ" ಎಂದು ನನ್ನ ಬೈಕಿನ ಹಿಂದೆ ಕೂತ.

ಬಾಗಿಲು ತೆಗೆದ ಸಿಸ್ಟರ್ ತಮ್ಮನನ್ನು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನೀರು ಕೊಟ್ಟರು. ಚಹಾ ಕೊಟ್ಟರು, ನನಗೂ ಕೊಟ್ಟರು. ಅವನು ಲೋಟ ಹಿಡಿದುಕೊಂಡೇ ಅತ್ತುಬಿಟ್ಟ.

"ನಂದ ತಪ್ಪಾತು ಬೇ ಯಕ್ಕಾ. ಕಾಗದ ನೋಡಿದೆ. ನೀ ಏನೂ ಮಾಡಿಲ್ಲ. ಊರಿಗೆ ನಡಿ."

ಸಿಸ್ಟರ್ ಅಳಲಿಲ್ಲ. ನನ್ನ ಕಡೆ ಕೈ ತೋರಿಸಿದರು.

"ಇಂವ ಯಾರೋ ಹೊರಗಿನಂವ. ಇಂವ ಒಂದು ಸುಳ್ಳ ಹೇಳಿದ, ನಂಬಿದಿ. ಇವತ್ತ ಕಾಗದ ತಂದ, ಅದನ್ನೂ ನಂಬಿದಿ. ನಡುವ ನಾ ಹತ್ತ ಸಲ ಹೇಳಿದ್ನೆಲ್ಲೋ, ಅದರಾಗ ಒಂದರ ನಂಬಿದಿ ಏನು?"

ಸಿಸ್ಟರ್ ಲೋಟಗಳನ್ನು ತೊಳೆದಿಟ್ಟರು. ಡ್ಯೂಟಿಗೆ ಹೊತ್ತಾಯಿತು ಎಂದು ನಮ್ಮಿಬ್ಬರನ್ನೂ ಎಬ್ಬಿಸಿ, ಮನೆಗೆ ಬೀಗ ಹಾಕಿಕೊಂಡು ಬಬಲೇಶ್ವರದ ಬಸ್ಸಿಗೆ ನಡೆದರು.

ಮುಂದಿನ ಪಂಚಮಿಗೆ ತಮ್ಮ ಎರಡು ದಿನ ಮೊದಲೇ ಕರೆಯಲು ಹೋದ. ಸಿಸ್ಟರ್ ಹಬ್ಬದ ದಿನವೂ ಡ್ಯೂಟಿ ಹಾಕಿಸಿಕೊಂಡಿದ್ದರು.